ಎಲ್‌ಎಲ್‌ಆರ್ ಮೀಮಾಂಸೆ

ಹದಿನೆಂಟು ತುಂಬುತ್ತಲೇ ಶ್ರದ್ಧೆಯಿಂದ ಕಲಿತು, ಪಾಸಾದ ಮರುಗಳಿಗೆಯೇ ಮರೆತುಬಿಡುವ ಶಾಸ್ತ್ರವೊಂದು ನಮ್ಮಲ್ಲಿದೆ. ಅದರ ಹೆಸರು ಎಲ್‌ಎಲ್‌ಆರ್. ಮೂಲಗ್ರಂಥ 1988ರ ಮೋಟಾರು ವಾಹನಗಳ ಅಧಿನಿಯಮ, ಸೂತ್ರಗಳು 1989ರ ಕೇಂದ್ರ ನಿಯಮಾವಳಿ. ಇವೆರಡನ್ನೂ ತೆರೆದು ನೋಡಿದ ವಿದ್ಯಾರ್ಥಿ ದುರ್ಲಭ. ಎಲ್ಲರೂ ಪಾರಾಯಣ ಮಾಡುವುದು ಡ್ರೈವಿಂಗ್ ಸ್ಕೂಲಿನ ಜೆರಾಕ್ಸ್ ಭಾಷ್ಯವನ್ನು. ಜೆರಾಕ್ಸಿನ ಜೆರಾಕ್ಸ್ ಆಗಿ ಅದರಲ್ಲಿನ ದನ ಯಾವುದು, ದೋಣಿ ಯಾವುದು ಎಂಬುದು ಗುರುಮುಖೇನ ತಿಳಿಯತಕ್ಕದ್ದು.

ಮೊದಲಿಗೆ ಫಲಕ ವಿಚಾರ. ವೃತ್ತ ಆಜ್ಞೆ, ತ್ರಿಕೋನ ಎಚ್ಚರಿಕೆ, ಆಯತ ಮಾಹಿತಿ. ಮೀಮಾಂಸಕರ ಪರಿಭಾಷೆಯಲ್ಲಿ ನೀಲಿ ವೃತ್ತ ವಿಧಿ, ಕೆಂಪು ವೃತ್ತ ನಿಷೇಧ, ತ್ರಿಕೋನ ಬರೀ ಅರ್ಥವಾದ. ಎಂಟು ಮೂಲೆಯ ‘ನಿಲ್ಲಿ’ಯೂ ತಲೆಕೆಳಗಾದ ತ್ರಿಕೋನದ ‘ದಾರಿ ಬಿಡಿ’ಯೂ ಅಪವಾದಗಳು, ಲೋಕಾಚಾರದಲ್ಲಂತೂ ಇವಕ್ಕೆ ಪ್ರಮಾಣವೇ ಸಿಗದು. ಅಧಿನಿಯಮದ ಮೊದಲ ಅನುಸೂಚಿಯಲ್ಲಿ ಹಾರ್ನ್ ನಿಷೇಧಿಸುವ ಫಲಕವೂ ಇದೆ, ಹಾರ್ನ್ ಕಡ್ಡಾಯವೆನ್ನುವ ಫಲಕವೂ ಇದೆ. ಎರಡರಲ್ಲಿ ಯಾವುದು ಪ್ರಬಲ? ವಿಧಿಯೇ ಪ್ರಬಲವೆಂದು ಸಿಲ್ಕ್ ಬೋರ್ಡ್ ಸಿಗ್ನಲಿನ ವಿದ್ವತ್ಸಭೆ ದಿನವೂ ಏಕಕಂಠದಿಂದ ತೀರ್ಪು ಕೊಡುತ್ತದೆ, ಅದೂ ಹಸಿರು ದೀಪ ಬರುವ ಮೊದಲೇ.

ಇನ್ನು ಹಸ್ತಮುದ್ರೆ. ನಮ್ಮ ಚಾಲಕ ಬಲಗಡೆ ಕೂರುವುದರಿಂದ ಎಡಗೈ ಆಡಿಸಿದರೆ ಹಿಂದಿನವರಿಗೆ ಕಾಣದು. ಆದ್ದರಿಂದ ಎಡಕ್ಕೆ ತಿರುಗುವವನೂ ಬಲಗೈಯನ್ನೇ ಹೊರಚಾಚಿ ಅಪ್ರದಕ್ಷಿಣವಾಗಿ ಸುತ್ತಿಸಬೇಕೆಂದು 1989ರ ರಸ್ತೆ ನಿಯಮಗಳು ವಿಧಿಸಿದವು. ಆಟೋದವರು ಬಳಸುವ ಪಾದಮುದ್ರೆ ಯಾವ ಗ್ರಂಥದಲ್ಲೂ ಉಕ್ತವಾಗಿಲ್ಲ. ಆದರೂ ಹಿಂದೆ ಬರುವ ಬಸ್ಸಿಗೆ ಅರ್ಥವಾಗುವುದು ಅದೊಂದೇ.

ಶಾಸ್ತ್ರದ ಮುಕುಟಮಣಿ ಕಾವಲಿಲ್ಲದ ರೈಲ್ವೆ ಗೇಟಿನ ಪ್ರಕರಣ. 131ನೆಯ ಕಲಮಿನ ಪ್ರಕಾರ ಅಲ್ಲಿ ವಾಹನ ನಿಲ್ಲಿಸಬೇಕು. ಕಂಡಕ್ಟರನೋ ಕ್ಲೀನರನೋ ಇಳಿದು ಹಳಿಯವರೆಗೆ ನಡೆದು, ಎರಡೂ ಕಡೆಯಿಂದ ರೈಲು ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು ವಾಹನವನ್ನು ದಾಟಿಸಬೇಕು. ಅಂಥವರು ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು. ಎಂಥ ಸುಂದರ ವಿಧಾನ! ತೊಂದರೆ ಇಷ್ಟೇ: ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಇಂಥ ಗೇಟುಗಳನ್ನೆಲ್ಲ 2019ರ ಜನವರಿಯ ಹೊತ್ತಿಗೆ ರೈಲ್ವೆಯವರು ತೆಗೆದುಹಾಕಿದರು. ಪರೀಕ್ಷೆಯ ವಿಷಯಗಳನ್ನು ಹೇಳುವ ನಿಯಮ 11ರಲ್ಲಿ ಮಾತ್ರ ಗೇಟು ಹಾಗೆಯೇ ಇದೆ. ಇಲ್ಲದ ವಸ್ತುವಿನ ಜ್ಞಾನ ಸಾಧ್ಯವೇ ಎಂದು ತಾರ್ಕಿಕರು ಶತಮಾನಗಟ್ಟಲೆ ಗುದ್ದಾಡಿದ್ದಾರೆ. ಸಾಧ್ಯ, ಅದಕ್ಕೆ ಅಂಕವೂ ಉಂಟು ಎಂಬುದು ಆರ್‌ಟಿಒ ಸಿದ್ಧಾಂತ.

ಹೀಗೆ ಓದಿದವನಿಗೆ ನಿಯಮ 3 ಹಣೆಪಟ್ಟಿಯನ್ನೂ ದಯಪಾಲಿಸುತ್ತದೆ. ಬಿಳಿ ಹಿನ್ನೆಲೆ, 18 ಸೆಂ.ಮೀ. ಚೌಕ, ನಡುವೆ ಕೆಂಪು ‘ಎಲ್’. ಅಕ್ಷರದ ಎತ್ತರ 10, ದಪ್ಪ 2, ಬುಡದ ಅಗಲ 9 ಸೆಂ.ಮೀ.ಗೆ ಕಡಿಮೆ ಇರಕೂಡದು. ಶಿಲ್ಪಶಾಸ್ತ್ರಕ್ಕೂ ಸಲ್ಲುವಂಥ ಈ ಪ್ರಮಾಣವನ್ನು ಜನ ಕೆಂಪು ಟೇಪಿನ ಎರಡು ತುಂಡಿನಲ್ಲಿ ಮುಗಿಸುತ್ತಾರೆ.

ಕೊನೆಯದಾಗಿ ಫಲಶ್ರುತಿ. ಶೇ. 60 ಸರಿಯುತ್ತರ ಕೊಟ್ಟವನು ಉತ್ತೀರ್ಣ. ಲೈಸೆನ್ಸ್ ಆರು ತಿಂಗಳು ಊರ್ಜಿತ. ಉಳಿದ ಶೇ. 40ರಲ್ಲಿ ಏನೇನು ತಪ್ಪಾಯಿತೆಂದು ಟೇಪಿನ ‘ಎಲ್’ ಹೇಳುವುದಿಲ್ಲವಾದ್ದರಿಂದ, ಅದು ಎದುರಾದಾಗ ಓದುಗರು ದಯವಿಟ್ಟು ಸ್ವಲ್ಪ ಪಕ್ಕಕ್ಕೆ ಸರಿಯಬೇಕಾಗಿ ವಿನಂತಿ.