ಹಲ್ಲು ಎಣಿಸಿಯೇ ಕೊಳ್ಳಬೇಕಾದ ಕುದುರೆ

ಶನಿವಾರ ಬೆಳಿಗ್ಗೆ ಹುಲ್ಲು ಕತ್ತರಿಸುವ ಮೆಷಿನ್ನು ನಿಲ್ಲಿಸಿ, ಬೇಲಿಗೆ ಮೊಣಕೈ ಊರಿ ಒಂದು ಲೋಟ ಕಾಫಿ ಕುಡಿಯೋಣ ಅಂತ ನಿಂತರೆ ಸಾಕು, ಪಕ್ಕದ ಮನೆ ಹುಡುಗ ಫೋನು ಹಿಡಿದುಕೊಂಡು ಹಾಜರು. ಹಾಸನದ ಕಡೆಯವನು, ಮಿಷಿಗನ್ನಿಗೆ ಬಂದು ನಾಲ್ಕು ವರ್ಷ ಆಯಿತು. ಇಷ್ಟು ದಿನ ಒಂದು ಸಾಧು ಗಾಡಿಯಲ್ಲಿ ಆಫೀಸಿಗೆ ಹೋಗಿಬರುತ್ತಿದ್ದ. ಈಗ ಎಂಟು ಸಿಲಿಂಡರಿನ ಆಸೆ ಹತ್ತಿದೆ. “ಅಂಕಲ್, ಇದೊಂದು ನೋಡಿ, ಮಸ್ಟಾಂಗ್ ಜಿಟಿ. ಇದು ಕಮಾರೋ ಎಸ್‌ಎಸ್. ಇದು ಚಾಲೆಂಜರ್. ಎಲ್ಲಾ ಸೆಕೆಂಡ್ ಹ್ಯಾಂಡೇ. ಯಾವುದು ತಗೊಳ್ಳಲಿ?” ಮೂರು ವಾರದಿಂದ ಇದೇ ಪ್ರಶ್ನೆ. ನನಗೇನೂ ಬೇಸರವಿಲ್ಲ. ಕೊಡುವ ದುಡ್ಡು ಅವನದು, ನೋಡುವ ಸುಖ ಇಬ್ಬರದೂ, ಅಲ್ವಾ?

ಡೆಟ್ರಾಯಿಟ್ ಸುತ್ತಮುತ್ತ ಈ ಪ್ರಶ್ನೆ ಕೇಳಿದರೆ ಗಾಡಿಯ ವಿಷಯ ಬರುವುದಿಲ್ಲ, ಮನೆತನದ ವಿಷಯ ಬರುತ್ತದೆ. ಅಪ್ಪ ಫೋರ್ಡ್ ಕಾರ್ಖಾನೆಯಲ್ಲಿದ್ದರೆ ಮಗನಿಗೆ ಮಸ್ಟಾಂಗೇ ಗಾಡಿ. ಮಾವ ಜನರಲ್ ಮೋಟರ್ಸಿನಲ್ಲಿ ದುಡಿದಿದ್ದರೆ ಅಳಿಯನ ಬಾಯಲ್ಲಿ ಕಮಾರೋ ಬಿಟ್ಟು ಬೇರೆ ಹೆಸರಿಲ್ಲ. ಆಗಸ್ಟಿನ ಮೂರನೇ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ಡ್ರೀಮ್ ಕ್ರೂಸ್ ನಡೆಯುತ್ತದಲ್ಲ, 1995ರಲ್ಲಿ ಶುರುವಾದದ್ದು, ಅಲ್ಲಿ ಹೋಗಿ ನೋಡಬೇಕು. ರಸ್ತೆ ಬದಿಗೆ ಮಡಿಚುವ ಕುರ್ಚಿ ಹಾಕಿಕೊಂಡು ಕೂತ ಅಜ್ಜಂದಿರು, ಗಾಡಿ ಕಣ್ಣಿಗೆ ಬೀಳುವ ಮುಂಚೆಯೇ ಸೈಲೆನ್ಸರ್ ಸದ್ದು ಕೇಳಿ ಇದು ಇಂಥವರ ಮನೆಯದು ಅನ್ನುತ್ತಾರೆ. ನಮ್ಮೂರ ತೇರಿನ ದಿನ ಅರಳಿಕಟ್ಟೆಯ ಮೇಲೆ ಕೂತವರು ಗೆಜ್ಜೆ ಸದ್ದಿನಲ್ಲೇ ಯಾವ ಊರಿನ ಜೋಡಿ ಬಂತು ಅಂತ ಹೇಳಿಬಿಡುತ್ತಿದ್ದರಲ್ಲ, ಅದೇ ಕಿವಿ.

ನಮ್ಮಮ್ಮ ಇಲ್ಲಿಗೆ ಬಂದಿದ್ದಾಗಲೂ ಒಮ್ಮೆ ಗಾಡಿಯ ಮಾತು ಬಂತು. ಇದೇ ಬೇಲಿ ಪಕ್ಕ ಕೂತು ಹುರುಳಿಕಾಯಿ ಸೋಸುತ್ತಿದ್ದರು. ಹುಡುಗ ಕಮಾರೋ ಕಮಾರೋ ಅನ್ನುವುದು ಕಿವಿಗೆ ಬಿದ್ದು, “ಯಾವ ಕಮ್ಮಾರನ ಗಾಡಿಯಪ್ಪಾ ಅದು, ಅವನ್ಯಾಕೆ ಮಾರ್ತಾನೆ?” ಅಂದರು. ಆವತ್ತಿನಿಂದ ನಮ್ಮಿಬ್ಬರ ಬಾಯಲ್ಲಿ ಅದು ಕಮ್ಮಾರನ ಗಾಡಿಯೇ. ನಿಜವಾದ ಅರ್ಥ ಹುಡುಕಿದರೂ ಅಷ್ಟೇ ಸೊಗಸು. 1966ರಲ್ಲಿ ಹೆಸರು ಹೊರಬಿದ್ದಾಗ, ಫ್ರೆಂಚಿನಲ್ಲಿ ಗೆಳೆಯ ಅನ್ನುವ ಮಾತಿಗೆ ಹತ್ತಿರದ್ದು ಅಂದರು ಕಂಪನಿಯವರು. ಪತ್ರಿಕೆಯವರು ಮತ್ತೆ ಕೆದಕಿದ್ದಕ್ಕೆ, ಮಸ್ಟಾಂಗುಗಳನ್ನು ತಿನ್ನುವ ಒಂದು ಸಣ್ಣ ಕ್ರೂರ ಪ್ರಾಣಿ ಅಂದುಬಿಟ್ಟರು! ಹೊಟ್ಟೆಯುರಿಯೂ ಇದ್ದೀತು ಬಿಡಿ. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಮಸ್ಟಾಂಗ್ ಹೊರಬಂತು, ಬೆಲೆ 2,368 ಡಾಲರ್. ಎರಡು ವರ್ಷ ತುಂಬುವುದರೊಳಗೆ ಹತ್ತು ಲಕ್ಷ ಗಾಡಿ ತಯಾರಾಗಿತ್ತು. ಇನ್ನೂ ಬಿಡುಗಡೆಗೆ ಎರಡು ದಿನ ಇರುವಾಗಲೇ ಶಿಕಾಗೋದ ಒಬ್ಬ ಸ್ಕೂಲ್ ಮೇಡಮ್ಮು, 22ರ ಹುಡುಗಿ, ಷೋರೂಮಿನ ಹಿಂಬದಿ ಮುಸುಕು ಹಾಕಿಟ್ಟಿದ್ದ ತಿಳಿನೀಲಿ ಗಾಡಿಯನ್ನು ಕೊಂಡು ಓಡಿಸಿಕೊಂಡೇ ಹೋದರು. ಆಕೆಯ ಮುಂದೆ ನಮ್ಮ ಹುಡುಗನ ಮೂರು ವಾರ ತುಸು ಜಾಸ್ತಿಯೇ ಆಯಿತು.

ಹುಟ್ಟೂರಿನ ವಿಚಿತ್ರ ನೋಡಿ. ಮೂರರಲ್ಲಿ ನೋಡುವುದಕ್ಕೆ ಅಪ್ಪಟ ಅಮೆರಿಕನ್ ಅನ್ನಿಸುವುದು ಚಾಲೆಂಜರ್. 2008ರಲ್ಲಿ ಮರುಹುಟ್ಟು ಪಡೆದದ್ದರಿಂದ ಹಿಡಿದು 2023ರ ಡಿಸೆಂಬರಿನ ಕೊನೆಯ ಗಾಡಿಯ ತನಕ ತಯಾರಾದದ್ದೆಲ್ಲ ಕೆನಡಾದ ಬ್ರಾಂಪ್ಟನ್ನಿನಲ್ಲಿ. ಮರುಹುಟ್ಟಿನ ಕಮಾರೋ ಕೂಡ 2015ರ ಮಾಡೆಲಿನವರೆಗೆ ಕೆನಡಾದ ಓಶಾವಾದ ಕೂಸು. 2016ರ ಮಾಡೆಲಿಗೆ ನಮ್ಮ ಲ್ಯಾನ್ಸಿಂಗಿಗೆ ಬಂತು, ಅದೂ 2023ರ ಡಿಸೆಂಬರಿನಲ್ಲೇ ನಿಂತಿತು. ಮಸ್ಟಾಂಗ್ ಒಂದು ಮಾತ್ರ ಇಲ್ಲೇ ಫ್ಲ್ಯಾಟ್ ರಾಕಿನಲ್ಲಿ ಇನ್ನೂ ತಯಾರಾಗುತ್ತಿದೆ. “ನಿಂತುಹೋದ ಗಾಡಿಗೆ ಮುಂದೆ ಬೆಲೆ ಬರುತ್ತೆ ಅಂಕಲ್” ಅಂತ ಹುಡುಗನ ಲೆಕ್ಕ. ಬರಲಿ ಬಿಡಪ್ಪ. ಓಡಿಸುವುದಕ್ಕೆ ಅಂತ ತಂದ ಗಾಡಿಯನ್ನು ಚಿನ್ನದ ಹಾಗೆ ತೂಗುತ್ತಾ ಕೂತರೆ ಹೊರಗೆ ತೆಗೆಯುವ ಮನಸ್ಸಾದರೂ ಹೇಗೆ ಬರಬೇಕು?

ಕಾಗದದ ಮೇಲೆ ಅವನಿಗೆ ಎಲ್ಲಾ ಬಾಯಿಪಾಠ. 2016ರಿಂದೀಚಿನ ಕಮಾರೋ ಎಸ್‌ಎಸ್‌ಗೆ 455 ಕುದುರೆ, 2015ರಿಂದ 17ರವರೆಗಿನ ಮಸ್ಟಾಂಗ್ ಜಿಟಿಗೆ 435, ಚಾಲೆಂಜರ್ ಆರ್‌ಟಿಗೆ 375ರ ಆಸುಪಾಸು. ಆಫೀಸಿನ ದಾರಿಯಲ್ಲಿ ಇಪ್ಪತ್ತು ಕುದುರೆ ಹೆಚ್ಚುಕಮ್ಮಿ ಯಾರಿಗೆ ಗೊತ್ತಾಗುತ್ತೆ? ದಿನಾ ಗೊತ್ತಾಗುವುದು ಬೇರೆ. ತಿರುವಿನಲ್ಲಿ ಕಮ್ಮಾರನ ಗಾಡಿಯ ಹಿಡಿತಕ್ಕೆ ಉಳಿದೆರಡು ಸಾಟಿಯಲ್ಲ, ಇದನ್ನು ಫೋರ್ಡ್ ಮನೆತನದವರೂ ದನಿ ತಗ್ಗಿಸಿ ಒಪ್ಪುತ್ತಾರೆ. ಆದರೆ ಬಾಗಿಲು ಎತ್ತರ, ಕಿಟಕಿ ಕಿರಿದು, ಅಟ್ಟದ ಗವಾಕ್ಷಿಯಿಂದ ಬೀದಿ ನೋಡಿದ ಹಾಗೆ. ಡಿಕ್ಕಿ ಒಂಬತ್ತೇ ಘನ ಅಡಿ, ಅದರ ಬಾಯಿಯೂ ಚಿಕ್ಕದು. ಮಸ್ಟಾಂಗಿನದು 13.5, ಚಾಲೆಂಜರಿನದು 16. ಚಾಲೆಂಜರಿನ ಹಿಂದಿನ ಸೀಟಿನಲ್ಲಿ ದೊಡ್ಡವರೂ ಕೂರಬಹುದು. ಸುಮಾರು 1,900 ಕೆಜಿ ತೂಕ, ಹೆದ್ದಾರಿಯಲ್ಲಿ ದಸರಾ ಆನೆಯ ಗತ್ತು. ಸೋನಾ ಮಸೂರಿ ಮೂಟೆ, ತೆಂಗಿನಕಾಯಿ, ಊರಿಂದ ಬಂದ ಅತ್ತೆ ಮಾವ ಎಲ್ಲರಿಗೂ ಜಾಗ ಬೇಕು ಅಂದರೆ ಅದೇ ಸರಿ.

ಎಂಜಿನ್ನಿನದು ಇನ್ನೊಂದು ಕಥೆ. ಆಟೋಮ್ಯಾಟಿಕ್ ಗೇರಿನ ಕಮಾರೋ ಎಸ್‌ಎಸ್‌ನಲ್ಲೂ 5.7 ಲೀಟರಿನ ಚಾಲೆಂಜರಿನಲ್ಲೂ, ಹೆದ್ದಾರಿಯಲ್ಲಿ ನಿರಾಳವಾಗಿ ಹೋಗುವಾಗ ಎಂಟರಲ್ಲಿ ನಾಲ್ಕು ಸಿಲಿಂಡರ್ ಮಲಗಿಬಿಡುತ್ತವೆ, ಪೆಟ್ರೋಲ್ ಉಳಿಯಲಿ ಅಂತ. ಕಾಲು ಒತ್ತಿದರೆ ಎದ್ದು ಬರುತ್ತವೆ. ಹೀಗೆ ಮಲಗಿಸಿ ಏಳಿಸುವ ಲಿಫ್ಟರುಗಳು ವಯಸ್ಸಾದ ಮೇಲೆ ಕೈಕೊಡುವುದುಂಟು, ಆಗ ಒಳಗಿನಿಂದ ಟಿಕ್ ಟಿಕ್ ಅಂತ ಸದ್ದು. ಮ್ಯಾನುಯಲ್ ಗೇರಿನವಕ್ಕೆ ಈ ನಿದ್ದೆಯಿಲ್ಲ, ಮಸ್ಟಾಂಗಿನ ಐದು ಲೀಟರ್ ಎಂಜಿನ್ನಿಗೆ ಯಾವ ಗೇರಿನಲ್ಲೂ ಇಲ್ಲ. ಈ ಸದ್ದು ಚೆನ್ನಾಗಿ ಕೇಳುವುದು ಎಂಜಿನ್ ತಣ್ಣಗಿದ್ದಾಗ. ಅದಕ್ಕೇ ಅವನಿಗೆ ಹೇಳಿದ್ದೇನೆ: ಮಾರುವವನ ಮನೆಗೆ ಹೋದ ತಕ್ಷಣ ಕೈಕುಲುಕುವ ಮುಂಚೆ ಬಾನೆಟ್ ಮೇಲೆ ಅಂಗೈ ಇಡು. ಬಿಸಿಯಿದ್ದರೆ ಇನ್ನೊಂದು ದಿನ ಬರ್ತೀನಿ ಅಂತ ಹೇಳಿ ಎದ್ದು ಬಾ.

ಇದು ನನ್ನ ಬುದ್ಧಿಯಲ್ಲ, ನಮ್ಮ ತಾತನದು. ಚಿಕ್ಕವನಿದ್ದಾಗ ಅವರ ಜೊತೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿದ್ದೆ, ಹಳ್ಳಿಕಾರ್ ಜೋಡಿ ತರುವುದಕ್ಕೆ. ಡಿಸೆಂಬರಿನ ಚಳಿ, ಹುಲ್ಲಿನ ಹೊಗೆ, ಕೊಂಬಿಗೆ ಬಣ್ಣ. ದಲ್ಲಾಳಿ ಟವೆಲ್ಲಿನೊಳಗೆ ತಾತನ ಬೆರಳು ಹಿಡಿದು ಬೆಲೆ ಹೇಳುತ್ತಿದ್ದ. ಬಾಯಿ ಮಾತ್ರ “ಸುಳಿಸುದ್ಧ ಐತೆ ಗೌಡ್ರೇ” ಅನ್ನುತ್ತಿತ್ತು. ತಾತ ತುಟಿ ಎತ್ತಿ ಹಲ್ಲು ನೋಡಿದರು. ಎರಡು ಹಲ್ಲಾ, ನಾಲ್ಕಾ, ಬಾಯಿಗೂಡಿದ್ದಾ ಅಂತ. ಆಮೇಲೆ ಹೆಗಲ ಮೇಲೆ ಕೈಯಾಡಿಸಿದರು, ಅಲ್ಲೇ ಬಹಳ ಹೊತ್ತು. ಹೆಗಲ ಚರ್ಮ ದಪ್ಪಗಾಗಿ ಒಂದು ಕಡೆ ಹಳೇ ಗಾಯದ ಕಲೆಯಿತ್ತು. ಟವೆಲ್ಲಿನಿಂದ ಬೆರಳು ಬಿಡಿಸಿಕೊಂಡು ಹೊರಟೇಬಿಟ್ಟರು. “ಎತ್ತು ಚೆನ್ನಾಗಿದೆ ಮಗಾ, ಕಟ್ಟಿದವನು ಚೆನ್ನಾಗಿಲ್ಲ” ಅಂದರು. ಅಷ್ಟೇ. ಆ ಮಾತು ಇಲ್ಲಿ ಗಾಡಿ ನೋಡಲು ಹೋದಾಗಲೆಲ್ಲ ನೆನಪಾಗುತ್ತದೆ.

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಸರಿ, ಎಣಿಸಿ ದುಡ್ಡು ಕೊಡುವಾಗ ಹಲ್ಲು ಎಣಿಸಲೇಬೇಕಲ್ವಾ? ಗಾಡಿಯ ಹಲ್ಲು ಅಂದರೆ ಟೈರು. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು ಅಂತ ಅರ್ಥ. ನಾಲ್ಕು ಟೈರು ನಾಲ್ಕು ಕಂಪನಿಯದಾದರೆ, ಸಾಕಿದವನ ಕೈ ಬಿಗಿಯಿತ್ತು ಅಂತ ತಿಳಿ. ಟೈರಿಗೆ ಹಿಂದೆಮುಂದೆ ನೋಡಿದವನು ಎಣ್ಣೆ ಬದಲಿಸುವುದಕ್ಕೆ ನೋಡದೆ ಇದ್ದಾನೆಯೇ? ಮೀಟರಿನಲ್ಲಿ ಮೂವತ್ತು ಸಾವಿರ ಮೈಲಿ, ಆದರೆ ಬ್ರೇಕಿನ ಪೆಡಲ್ ರಬ್ಬರು ಸವೆದು ನುಣ್ಣಗಾಗಿದೆ ಅಂದರೆ ಎರಡರಲ್ಲಿ ಒಂದು ಸುಳ್ಳು. ಸೈಲೆನ್ಸರ್ ಬದಲಾಯಿಸಿ, ಎಂಜಿನ್ನಿನ ಕಂಪ್ಯೂಟರಿಗೆ ಕೈಹಾಕಿ ಮೆರೆಸಿದ ಗಾಡಿಯನ್ನಂತೂ ನಾನು ಮುಟ್ಟಬೇಡ ಅನ್ನುತ್ತೇನೆ, ಎಷ್ಟೇ ಅಗ್ಗವಿರಲಿ.

ಇದಕ್ಕಿಂತ ದೊಡ್ಡ ಶತ್ರು ಉಪ್ಪು. ಡೆಟ್ರಾಯಿಟ್ ನಗರದ ಕೆಳಗೆ, ಸುಮಾರು 1,200 ಅಡಿ ಆಳದಲ್ಲಿ, ಉಪ್ಪಿನ ಗಣಿಯಿದೆ. ಮೇಲೆ ಗಾಡಿ ಕಟ್ಟುವ ಊರು, ಕೆಳಗೆ ಗಾಡಿ ತಿನ್ನುವ ಉಪ್ಪು! ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತೇವಲ್ಲ, ಗಾಡಿಯದೂ ಅದೇ ಹಣೆಬರಹ. ಮೇಲೆ ಮಿರಮಿರ ಮಿಂಚುತ್ತಿರುತ್ತದೆ, ಅಡಿಯಲ್ಲಿ ಬ್ರೇಕಿನ ಪೈಪು ಕಡ್ಲೆಪುರಿಯ ಹಾಗೆ ಉದುರುತ್ತದೆ. ಮಿಷಿಗನ್ನಿನಲ್ಲಿ ವರ್ಷಕ್ಕೊಮ್ಮೆ ಗಾಡಿ ತಪಾಸಣೆ ಅನ್ನುವ ಕಟ್ಟಳೆಯೂ ಇಲ್ಲ. ನೋಡುವುದಿದ್ದರೆ ನಾವೇ ನೋಡಬೇಕು, ನೆಲಕ್ಕೆ ಬೆನ್ನು ಹಚ್ಚಿ.

ಹಾಗಾದರೆ ಯಾವುದು ಅಂತೀರಾ? ಒಬ್ಬನೇ ಯಜಮಾನ ಸಾಕಿದ್ದು, ಕಂಪನಿಯಿಂದ ಬಂದ ಹಾಗೇ ಇರುವುದು, ಚಳಿಗಾಲವೆಲ್ಲ ಗ್ಯಾರೇಜಿನಲ್ಲಿ ಮಲಗಿದ್ದು. ಇಂಥ ಕಮಾರೋ ಸಿಕ್ಕರೆ ಕಮಾರೋ, ಚಾಲೆಂಜರ್ ಸಿಕ್ಕರೆ ಚಾಲೆಂಜರ್. ಮೂರೂ ಒಂದೇ ಹದದಲ್ಲಿ ಸಿಕ್ಕರೆ ಮಾತ್ರ ನನ್ನ ಓಟು ಮಸ್ಟಾಂಗಿಗೆ. ರಸ್ತೆ ಕಾಣುತ್ತದೆ, ಅಕ್ಕಿ ಮೂಟೆ ಹಿಡಿಯುತ್ತದೆ, ನಿದ್ದೆ ಮಾಡುವ ಸಿಲಿಂಡರಿಲ್ಲ. ಹುಡುಗನಿಗೂ ಇದನ್ನೇ ಹೇಳಿದೆ.

ನಾಳೆ ಹತ್ತು ಗಂಟೆಗೆ ಫ್ಲಿಂಟ್ ಹತ್ತಿರ ಒಂದು 2016ರ ಜಿಟಿ ನೋಡಲು ಹೊರಟಿದ್ದೇವೆ. ಟಾರ್ಚು, ಹಳೇ ಚಾಪೆ ಡಿಕ್ಕಿಗೆ ಹಾಕಿಯಾಯಿತು. ನಾವು ಬರುವ ಮುಂಚೆ ಗಾಡಿ ಚಾಲೂ ಮಾಡಬೇಡಿ ಅಂತ ಹುಡುಗ ಈಗಲೇ ಫೋನು ಮಾಡಿ ಹೇಳಿದ್ದಾನೆ.