ಗಬ್ಬರ್ ಬೆಟ್ಟ

(ಭಾನುವಾರ ಬೆಳಿಗ್ಗೆ. ರಾಮನಗರದ ರಾಮದೇವರ ಬೆಟ್ಟದ ಬುಡ. ಸೌತೆಕಾಯಿ ಮಾರುವ ಅಜ್ಜಿ, ಬೆಂಗಳೂರಿನ ಟೆಕ್ಕಿ.)

ಅಜ್ಜಿ: ಯಾಕಪ್ಪಾ ಏದುಸಿರು? ಬೆಟ್ಟ ಹತ್ತಿ ಇಳಿದ್ಯಾ?

ಟೆಕ್ಕಿ: ಇಲ್ಲಜ್ಜಿ, ಕಾರು ನಿಲ್ಸೋಕೆ ಜಾಗ ಹುಡುಕಿದೆ.

ಅಜ್ಜಿ: ಬೆಂಗಳೂರಲ್ಲಿ ಟ್ರಾಫಿಕ್ಕು ಸಾಲ್ತಿಲ್ವಾ?

ಟೆಕ್ಕಿ: ಪ್ರಕೃತಿ ಮಡಿಲಿನ ಟ್ರಾಫಿಕ್ಕೇ ಬೇರೆ ಅಜ್ಜಿ!

ಅಜ್ಜಿ: ಸೊಂಟಕ್ಕೇನು ಹಗ್ಗ? ಹಸು ತಪ್ಪಿಸ್ಕೊಂಡಿದ್ಯಾ?

ಟೆಕ್ಕಿ: ಬಂಡೆ ಹತ್ತಿ ರೀಲ್ ಬಿಡೋಕೆ.

ಅಜ್ಜಿ: ರೀಲ್ ಬಿಡೋಕೆ ಬಂಡೆ ಯಾಕೆ? ನಮ್ಮ ಲೀಡರು ನೆಲದ ಮೇಲೇ ಬಿಡ್ತಾರೆ. ಮೆಟ್ಟಿಲಿದ್ಯಲ್ಲಪ್ಪಾ!

ಟೆಕ್ಕಿ: ಮೆಟ್ಟಿಲಿಗೆ ಲೈಕ್ ಬರಲ್ಲ. (ಚಿಪ್ಸ್ ಕವರು ಎಸೆದು) ‘ಷೋಲೆ’ ಗಬ್ಬರ್ ಇದ್ದಿದ್ದು ಇಲ್ಲೇ ಅಲ್ವಾ?

ಅಜ್ಜಿ: ಹೂಂ. ಗಬ್ಬರ್ ಹೋದ, ಗಬ್ಬು ಉಳೀತು.

ಟೆಕ್ಕಿ: 2012ರಲ್ಲೇ ರಣಹದ್ದು ಧಾಮ ಆಯ್ತಂತೆ. ಒಂದೂ ಹದ್ದು ಕಾಣ್ತಿಲ್ಲ?

ಅಜ್ಜಿ: ಭಾನುವಾರ ಅಲ್ವಾ? ಹದ್ದು ಮೀರಿದವರು ಮಾತ್ರ ಕಾಣ್ತಾರೆ.