ಪರಯಂತ್ರಪ್ರವೇಶ ಮೀಮಾಂಸೆ

ಶಂಕರಾಚಾರ್ಯರು ತಮ್ಮ ದೇಹವನ್ನು ಶಿಷ್ಯರ ಕಾವಲಿಗೊಪ್ಪಿಸಿ ಅಮರುಕ ರಾಜನ ಕಾಯವನ್ನು ಹೊಕ್ಕರೆಂದು ಐತಿಹ್ಯ. ಬೆಂಗಳೂರಿನ ಐಟಿ ಸಪೋರ್ಟ್ ಹುಡುಗನಿಗೆ ಶಿಷ್ಯರೂ ಬೇಡ, ತಪಸ್ಸೂ ಬೇಡ. ದಾವಣಗೆರೆಯ ಲೆಕ್ಕಿಗರು ಒಂಬತ್ತೋ ಹತ್ತೋ ಅಂಕಿ ಹೇಳಿದರೆ ಅವರ ಕಂಪ್ಯೂಟರಿನೊಳಗೆ ಪ್ರತ್ಯಕ್ಷನಾಗುತ್ತಾನೆ.

ದೂರದಿಂದಲೇ ಇನ್ನೊಬ್ಬರ ಕಂಪ್ಯೂಟರ್ ನಡೆಸುವ ಈ ಶಾಸ್ತ್ರದಲ್ಲಿ ಪ್ರಮಾಣಭೇದವುಂಟು. ವಿಎನ್‌ಸಿ ಪಂಥದವರು ಪ್ರತ್ಯಕ್ಷವಾದಿಗಳು: ಪರದೆಯಲ್ಲಿ ಬದಲಾದ ಚೌಕಗಳನ್ನು ಚುಕ್ಕೆಚುಕ್ಕೆಯಾಗಿ ಸಾಗಿಸುತ್ತಾರೆ, ಅರ್ಥದ ಗೊಡವೆ ಅವರಿಗಿಲ್ಲ. 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯ ಜೊತೆ ಬಂದ ಆರ್‌ಡಿಪಿ ಮೂಲತಃ ಶಬ್ದಪ್ರಮಾಣದ್ದು: ‘ಇಲ್ಲೊಂದು ಗೆರೆ ಎಳೆ, ಅಲ್ಲೊಂದು ಅಕ್ಷರ ಬರೆ’ ಎಂದು ಅಪ್ಪಣೆ ಕಳಿಸುತ್ತದೆ. ಮೊದಲನೆಯದರ ಬಾಗಿಲು, ಅಂದರೆ ಪೋರ್ಟ್, 5900, ಎರಡನೆಯದರದು 3389.

ವಿಎನ್‌ಸಿಯ ಜನ್ಮಸ್ಥಳ ಇಂಗ್ಲೆಂಡಿನ ಕೇಂಬ್ರಿಜ್. ಅದರ ಕರ್ತೃಗಳಲ್ಲೊಬ್ಬರಾದ ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ 1991ರಲ್ಲಿ ಅಲ್ಲಿನ ಕಂಪ್ಯೂಟರ್ ಲ್ಯಾಬಿನ ಕಾಫಿ ಪಾತ್ರೆಗೆ ಕ್ಯಾಮೆರಾ ಕಟ್ಟಿದವರಲ್ಲೂ ಒಬ್ಬರು. ಕಾಫಿ ಇದೆಯೋ ಇಲ್ಲವೋ ಎಂದು ಕೂತಲ್ಲಿಂದಲೇ ನೋಡಬೇಕಿತ್ತು. ಕುರ್ಚಿ ಬಿಟ್ಟೇಳುವ ಬೇಸರವೇ ಈ ವಿದ್ಯೆಯ ಮೂಲವೆಂಬ ವಾದಕ್ಕೆ ಇದಕ್ಕಿಂತ ಗಟ್ಟಿ ಶಾಸನ ಸಿಗದು.

ಇನ್ನು ಜಿಜ್ಞಾಸೆ: ಪ್ರವೇಶವಾದ ಮೇಲೆ ಮನೆಯೊಡೆಯನ ಗತಿಯೇನು?

ವಿಂಡೋಸ್ ಎಕ್ಸ್‌ಪಿ ಕಾಲದಿಂದ ಆರ್‌ಡಿಪಿ ಬಳಸುವ ರಿಮೋಟ್ ಡೆಸ್ಕ್‌ಟಾಪ್ ಅದ್ವೈತಿ. ದೂರದವನು ಒಳಗೆ ಬಂದೊಡನೆ ಎದುರಿಗೆ ಕೂತವನ ಪರದೆಗೆ ಬೀಗ. 2005ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಟೀಮ್‌ವ್ಯೂವರ್ ದ್ವೈತಿ. ಒಂದೇ ಬಾಣದ ಗುರುತಿಗೆ ಎರಡು ಕೈ. ಹುಡುಗ ಅದನ್ನು ಸೆಟ್ಟಿಂಗ್ಸ್ ಕಡೆ ಒಯ್ಯುತ್ತಾನೆ, ಲೆಕ್ಕಿಗರು ಮೂಲೆಗೆಳೆಯುತ್ತಾರೆ. ‘ಸಾರ್, ಮೌಸ್ ಮುಟ್ಬೇಡಿ.’ ‘ನಾನೆಲ್ಲಿ ಮುಟ್ದೆ, ಅದೇ ಓಡಾಡ್ತಿದೆ!’ ನೆಟ್ ನಿಧಾನವಾದರಂತೂ ಒತ್ತಿದ ಕ್ಲಿಕ್ ತಡವಾಗಿ ತಲುಪಿ, ಒಂದೇ ಕಿಟಕಿ ನಾಲ್ಕು ಸಲ ತೆರೆದುಕೊಳ್ಳುತ್ತದೆ.

ಘೋರವಾದದ್ದು ಸ್ವಯಂಕೃತ ನಿರ್ಗಮನ. ನೆಟ್‌ವರ್ಕ್ ರಿಪೇರಿಗೆಂದು ಒಳಹೊಕ್ಕವನು ಆ ನೆಟ್‌ವರ್ಕನ್ನೇ ಆಫ್ ಮಾಡಿದರೆ ಆನ್ ಮಾಡುವ ಕೈ ಹೊರಗುಳಿಯುತ್ತದೆ. ಆಗ ಫೋನೇ ಗತಿ: ‘ಸಾರ್, ಕೆಳಗೆ ಬಲಗಡೆ ಏನ್ ಕಾಣ್ತಿದೆ?’

ಶಾಸ್ತ್ರ ತಿಳಿದವರಲ್ಲಿ ಕಳ್ಳರೂ ಇದ್ದಾರೆ. ಬ್ಯಾಂಕಿನವರೆಂದು ನಂಬಿಸಿ, ಇದೇ ಜಾತಿಯ ಎನಿಡೆಸ್ಕ್ ಆ್ಯಪ್ ಹಾಕಿಸಿ, ಅದರ ಸಂಕೇತ ಕೇಳಿ ಪಡೆದು ಖಾತೆ ಗುಡಿಸುವವರ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಇಲ್ಲಿ ಅದ್ವೈತ, ದ್ವೈತಗಳ ಚರ್ಚೆ ಸಲ್ಲ. ಅಂಕಿ ಕೊಟ್ಟಾಗಿದ್ದರೆ ಮೊದಲು ನೆಟ್ ಕಿತ್ತುಹಾಕಿ, ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.